ಮನೆಗೋಡೆಗೆ ಸಮೀಪದ ಪಾರಿಜಾತ: ಸವರುವ ಕ್ರಮ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಭಾಗದ ಹಿತ್ತಿಲುಗಳಲ್ಲಿ ಪಾರಿಜಾತ ಪರಿಚಿತ ಗಿಡ. ಪೂಜೆಯ ಹೂವು ಕೈಗೆಟುಕಲೆಂದು ಇದನ್ನು ಗೋಡೆಯಿಂದ ಎರಡು-ಮೂರು ಅಡಿ ಅಂತರದಲ್ಲಿಯೇ ನೆಟ್ಟಿರುತ್ತಾರೆ. ಗಿಡ ಬೆಳೆದಂತೆ ಕೊಂಬೆಗಳು ಮಾಳಿಗೆಯ ಮೇಲೆ ಚಾಚುತ್ತವೆ. ಉದುರಿದ ಎಲೆ ನೀರಿನ ಕೊಳವೆಯಲ್ಲಿ ಸಿಕ್ಕಿಕೊಂಡು ಮಳೆನೀರು ನಿಲ್ಲುತ್ತದೆ. ಮಣ್ಣಿನ ಮಾಳಿಗೆಯಾದರೆ ತೊಲೆ, ಗೋಡೆ ಎರಡೂ ನೆನೆದು ಅಪಾಯವಾಗಬಹುದು. ಆಗ ಕೊಡಲಿಯಿಂದ ಗಿಡದ ತಲೆಯನ್ನೇ ಹಾರಿಸುವ ರೂಢಿ ಇದೆ. ಇದರಿಂದ ತೊಂದರೆ ತಪ್ಪುವುದಿಲ್ಲ, ಹೆಚ್ಚುತ್ತದೆ.

ತಲೆ ಕಡಿದರೆ ಏನಾಗುತ್ತದೆ?

ಕಡಿದ ಬೊಡ್ಡೆಯ ಅಂಚಿನಿಂದ ಹತ್ತಾರು ಚಿಗುರುಗಳು ಒತ್ತಾಗಿ ಏಳುತ್ತವೆ. ಅವುಗಳ ಬುಡ ಗಟ್ಟಿಯಾಗಿರುವುದಿಲ್ಲ. ಗಾಳಿಗೆ ಮುರಿದು ಮಾಳಿಗೆಯ ಮೇಲೆಯೇ ಬೀಳಬಹುದು. ಬೊಡ್ಡೆಯ ದೊಡ್ಡ ಗಾಯದಿಂದ ಕೊಳೆ ಒಳಗಿಳಿಯುತ್ತದೆ. ಕೆಲವೇ ವರ್ಷಗಳಲ್ಲಿ ಗಿಡ ಮೊದಲಿನ ಎತ್ತರಕ್ಕೆ ಮರಳಿ, ಮೊದಲಿಗಿಂತ ದಟ್ಟವಾಗಿ ನಿಲ್ಲುತ್ತದೆ.

ಯಾವಾಗ ಸವರಬೇಕು?

ಪಾರಿಜಾತವು ಆಯಾ ವರ್ಷದ ಹೊಸ ಚಿಗುರಿನ ತುದಿಯಲ್ಲಿ ಹೂ ಬಿಡುತ್ತದೆ. ಆದ್ದರಿಂದ ಹೂವು ಮುಗಿದ ಮೇಲೆ, ಹೊಸ ಚಿಗುರು ಒಡೆಯುವ ಮೊದಲು, ಜನವರಿ ಕೊನೆಯಿಂದ ಫೆಬ್ರುವರಿಯೊಳಗೆ ಸವರುವುದು ಸೂಕ್ತ. ಮಳೆಗಾಲದಲ್ಲಿ ಸವರಿದರೆ ಆ ವರ್ಷದ ಹೂವು ಹೋಗುತ್ತದೆ. ಕಡು ಬೇಸಿಗೆಯಲ್ಲಿ ಸವರಿದರೆ ನೆರಳು ತಪ್ಪಿದ ತೊಗಟೆ ಬಿಸಿಲಿಗೆ ಸುಡುತ್ತದೆ.

ಎಷ್ಟು ಸವರಬೇಕು?

ಒಂದು ವರ್ಷಕ್ಕೆ ಗಿಡದ ಹಸಿರಿನ ಕಾಲುಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಕೆಲಸವನ್ನು ಮೂರು ವರ್ಷಕ್ಕೆ ಹಂಚಿಕೊಳ್ಳಿರಿ.

1. ಮೊದಲ ವರ್ಷ: ಒಣಗಿದ, ಒಂದಕ್ಕೊಂದು ಉಜ್ಜುವ ಹಾಗೂ ಮಾಳಿಗೆಗೆ ತಗಲುವ ಕೊಂಬೆಗಳು.
2. ಎರಡನೆಯ ವರ್ಷ: ಗೋಡೆಯ ಕಡೆಗೆ ವಾಲಿದ ಕೊಂಬೆಗಳು.
3. ಮೂರನೆಯ ವರ್ಷ: ಎತ್ತರ ತಗ್ಗಿಸುವುದು.

ಎತ್ತರ ತಗ್ಗಿಸುವಾಗ ಕೊಂಬೆಯನ್ನು ನಡುವೆ ತುಂಡರಿಸದೆ, ಹೊರಗಡೆಗೆ ಹೋಗುವ ಒಂದು ಪಕ್ಕದ ರೆಂಬೆಯ ಮೇಲ್ಭಾಗದಲ್ಲಿ ಕೊಯ್ಯಬೇಕು. ಆ ರೆಂಬೆ ಕೊಯ್ದ ಕೊಂಬೆಯ ದಪ್ಪದ ಮೂರನೆಯ ಒಂದು ಭಾಗವಾದರೂ ಇರಬೇಕು. ಪಾರಿಜಾತದ ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ. ಹೀಗಾಗಿ ಎಳೆಯ ರೆಂಬೆ ಕತ್ತರಿಸಿದಲ್ಲಿ ಎರಡು ಚಿಗುರು ಏಳುತ್ತವೆ. ಗೋಡೆಯತ್ತ ಹೊರಟ ಚಿಗುರನ್ನು ಎಳೆಯದಿರುವಾಗಲೇ ಕೈಯಿಂದ ಚಿವುಟಿದರೆ ಮುಂದೆ ಗರಗಸದ ಕೆಲಸ ಉಳಿಯುತ್ತದೆ.

ದಪ್ಪ ಕೊಂಬೆ ಕೊಯ್ಯುವ ಬಗೆ

ಕಾಂಡದಿಂದ ಸುಮಾರು 30 ಸೆಂ.ಮೀ. ದೂರದಲ್ಲಿ ಕೊಂಬೆಯ ಕೆಳಗಿನಿಂದ ಮೂರನೆಯ ಒಂದು ಭಾಗದಷ್ಟು ಕೊಯ್ಯಿರಿ. ಅದರಿಂದ ನಾಲ್ಕೈದು ಸೆಂ.ಮೀ. ಹೊರಗೆ ಮೇಲಿನಿಂದ ಕೊಯ್ದು ಕೊಂಬೆ ಇಳಿಸಿರಿ. ಹೀಗೆ ಮಾಡಿದರೆ ತೊಗಟೆ ಸೀಳುವುದಿಲ್ಲ. ಉಳಿದ ಮೋಟನ್ನು ಕೊಂಬೆಯ ಬುಡದಲ್ಲಿರುವ ಉಬ್ಬಿದ ಉಂಗುರದ ಹೊರಗೆ ತೆಗೆಯಿರಿ. ಮೋಟು ಬಿಡಬಾರದು, ಉಂಗುರವನ್ನೂ ಕೊಯ್ಯಬಾರದು.

ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ, ಮರವು ಗಾಯದ ಸುತ್ತ ತಾನೇ ತಡೆಗೋಡೆ ಕಟ್ಟಿಕೊಳ್ಳುವುದನ್ನು 1970ರ ದಶಕದಲ್ಲಿ ವಿವರಿಸಿದರು. ಆ ಉಂಗುರವೇ ಈ ತಡೆಗೋಡೆಯ ನೆಲೆ. ಗಾಯಕ್ಕೆ ಟಾರು, ಬಣ್ಣ ಬಳಿದರೆ ಕೊಳೆ ನಿಲ್ಲುವುದಿಲ್ಲ.

ಕೊಂಬೆ ವಿದ್ಯುತ್ ತಂತಿಗೆ ಸಮೀಪವಿದ್ದರೆ ಹೆಸ್ಕಾಂ ಸಿಬ್ಬಂದಿ ವಿದ್ಯುತ್ ನಿಲ್ಲಿಸುವವರೆಗೆ ಗಿಡ ಮುಟ್ಟಬೇಡಿರಿ.

ಎರೆ ನೆಲದವರ ಗಮನಕ್ಕೆ

ಎರೆಮಣ್ಣು ಒಣಗಿದಾಗ ಕುಗ್ಗಿ ಬಿರಿಯುತ್ತದೆ, ನೆನೆದಾಗ ಉಬ್ಬುತ್ತದೆ. ಬೇರು ತಳಪಾಯದ ಬಳಿಯ ತೇವ ಹೀರಿದಾಗ ಈ ಏರಿಳಿತ ಹೆಚ್ಚಿ ಗೋಡೆ ಬಿರುಕು ಬಿಡಬಹುದು. ಸವರುವುದರಿಂದ ಮಾಳಿಗೆ ಉಳಿಯುತ್ತದೆಯೇ ಹೊರತು ಇಂಥ ಬಿರುಕು ನಿಲ್ಲುತ್ತದೆಂಬ ಭರವಸೆ ಇಲ್ಲ. ಬಿರುಕು ವರ್ಷವರ್ಷ ಅಗಲವಾಗುತ್ತಿದ್ದರೆ ಮೊದಲು ಅನುಭವಿ ಇಂಜಿನಿಯರರಿಗೆ ತೋರಿಸಿ, ನಂತರ ಗಿಡದ ವಿಷಯ ತೀರ್ಮಾನಿಸಿರಿ. ಬೇರುಗಳನ್ನು ಮನಬಂದಂತೆ ಕಡಿದರೆ ಗಿಡವೇ ಮನೆಯ ಮೇಲೆ ಉರುಳೀತು. ಕಪ್ಪತಗುಡ್ಡದ ಸುತ್ತಲಿನ ಕೆಂಪು ಮಸಾರಿ ನೆಲದಲ್ಲಿ ಈ ತೊಂದರೆ ಕಡಿಮೆ.

ಗಿಡ ತೆಗೆಯಲೇಬೇಕಾದರೂ ಹೂವಿನ ಆಸೆ ಬಿಡಬೇಕಾಗಿಲ್ಲ. ಸವರಿದ ಬಲಿತ ಕಡ್ಡಿಗಳನ್ನು ಒಲೆಗೆ ಹಾಕುವ ಮೊದಲು ಐದಾರನ್ನು ಆರಿಸಿ, ನೆರಳಿನಲ್ಲಿ ಮರಳು ಬೆರೆಸಿದ ಮಣ್ಣಿನಲ್ಲಿ ಊರಿ ತೇವ ಕಾಯ್ದುಕೊಳ್ಳಿರಿ. ಬೇರೂರಿದವನ್ನು ಮುಂಗಾರು ಹಿಡಿದ ಮೇಲೆ ಗೋಡೆಯಿಂದ ಹತ್ತು ಅಡಿಗಿಂತ ಹೆಚ್ಚು ದೂರದಲ್ಲಿ ನೆಡಿರಿ.