ಗಿಟಾರಿನ ಪೆಡಲ್ಲೂ ಕಂಡೆನ್ಸರಿನ ಆಯ್ಕೆಯೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ರೈತರಿಗೆ ಕಂಡೆನ್ಸರ್ ಎಂಬ ಹೆಸರು ಹೊಸದಲ್ಲ. ಸಿಂಗಲ್ ಫೇಸ್ ಮೋಟಾರು ಗುಂಯ್‌ಗುಟ್ಟಿ ತಿರುಗದೆ ನಿಂತರೆ "ಕಂಡೆನ್ಸರ್ ಹೋಗಿದೆ" ಎಂದು ಅವರೇ ಹೇಳಿಬಿಡುತ್ತಾರೆ. ಪುಸ್ತಕಗಳಲ್ಲಿ ಇದನ್ನೇ ಕೆಪಾಸಿಟರ್ ಅಥವಾ ಧಾರಕ ಎನ್ನುವರು. ಇದರ ಪುಟ್ಟ ತಮ್ಮಂದಿರನ್ನು ಗಿಟಾರಿನ ಪೆಡಲ್ಲಿನಲ್ಲಿ ಎಲ್ಲೆಲ್ಲಿ ಕೂರಿಸಬೇಕೆಂಬುದೇ ಈ ಲೇಖನದ ವಿಷಯ. ಬಿ.ಎ. ಓದುವವನು ವಿದ್ಯುತ್ತಿನ ವಿಷಯಕ್ಕೆ ಕೈಹಾಕಿದುದು ಅಧಿಕಪ್ರಸಂಗವೆಂದು ತೋರಿದರೆ ಅಧ್ಯಾಪಕರು ಕ್ಷಮಿಸಬೇಕು.

ನನ್ನ ಗೆಳೆಯನೊಬ್ಬನು ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುತ್ತಾನೆ. ಸ್ವರವನ್ನು ಒರಟಾಗಿಸಿ ಮೊರೆಯುವಂತೆ ಮಾಡುವ 'ಫಜ್' ಪೆಡಲ್ ಅವನಿಗೆ ಬೇಕಾಗಿತ್ತು. ಕಂಪನಿಯ ಪೆಡಲ್ ಕೊಳ್ಳುವ ಶಕ್ತಿ ನಮ್ಮಿಬ್ಬರಿಗೂ ಇರಲಿಲ್ಲ. ನನ್ನ ತಂದೆಯವರು ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಕೂಲಿ ಮಾಡುವವರು. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಮ್ಮ ಮನೆಗೆ ನಾನೇ ಮೊದಲಿಗನು. ಆದರೂ ಹಬ್ಬದೊಳಗೆ ಮಾಡಿಕೊಡುವೆನೆಂದು ಮಾತು ಕೊಟ್ಟೆ.

1966ರಲ್ಲಿ ಲಂಡನ್ನಿನಲ್ಲಿ ಹೊರಬಂದ 'ಫಜ್ ಫೇಸ್' ಎಂಬ ಪೆಡಲ್ಲನ್ನು ಮಾದರಿಯಾಗಿ ಆರಿಸಿಕೊಂಡೆನು. ಅದರಲ್ಲಿರುವುದು ಎರಡು ಟ್ರಾನ್ಸಿಸ್ಟರ್, ಮೂರೇ ಕಂಡೆನ್ಸರ್: ಒಳಬಾಗಿಲಲ್ಲಿ 2.2 ಮೈಕ್ರೋಫ್ಯಾರಡ್, ನಡುವೆ 20, ಹೊರಬಾಗಿಲಲ್ಲಿ 0.01. ಮೂರೇ ಎಂದು ಹಗುರವಾಗಿ ಎಣಿಸಿದುದೇ ನನ್ನ ತಪ್ಪಾಯಿತು.

ಕಂಡೆನ್ಸರ್ ಎಂದರೆ ಜರಡಿಯೆಂದು ತಿಳಿಯಬಹುದು. ಬ್ಯಾಟರಿಯ ನೇರ ವಿದ್ಯುತ್ತನ್ನು ಅದು ತಡೆಯುತ್ತದೆ. ತಂತಿಯ ಕಂಪನದಿಂದ ಹುಟ್ಟಿದ ಏರಿಳಿತದ ವಿದ್ಯುತ್ತನ್ನು ದಾಟಿಸುತ್ತದೆ. ನುಣುಪಾದ ಹಿಟ್ಟಿನಂತೆ ಎತ್ತರದ ಸ್ವರಗಳು ಸುಲಭವಾಗಿ ಇಳಿಯುತ್ತವೆ. ಮಂದ್ರ ಸ್ವರಗಳು ತರಿಯಂತೆ ಮೇಲೆ ಉಳಿಯುತ್ತವೆ. ಜರಡಿಯ ಕಣ್ಣು ಎಷ್ಟು ಅಗಲವೆಂಬುದನ್ನು ಕಂಡೆನ್ಸರೊಂದೇ ನಿರ್ಧರಿಸುವುದಿಲ್ಲ. ಅದರ ಮುಂದಿರುವ ರೋಧವೂ ಸೇರಿ ನಿರ್ಧರಿಸುತ್ತದೆ. ಲೆಕ್ಕ ಸುಲಭ. ಕಿಲೋ ಓಂನಲ್ಲಿ ರೋಧವನ್ನೂ ಮೈಕ್ರೋಫ್ಯಾರಡ್‌ನಲ್ಲಿ ಧಾರಕತೆಯನ್ನೂ ಗುಣಿಸಿ, ಬಂದ ಮೊತ್ತದಿಂದ 159ನ್ನು ಭಾಗಿಸಿದರೆ ಎಷ್ಟು ಹರ್ಟ್ಸ್‌ನಿಂದ ಕೆಳಗೆ ಸ್ವರ ಸೊರಗುವುದೆಂದು ತಿಳಿಯುತ್ತದೆ. ಗಿಟಾರಿನ ದಪ್ಪ ತಂತಿ ಸುಮಾರು 82 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ಆದುದರಿಂದ ಉತ್ತರ ಅದಕ್ಕಿಂತ ಸಾಕಷ್ಟು ಕೆಳಗಿರಬೇಕು.

ಮಾದರಿಯ ಹೊರಬಾಗಿಲಲ್ಲಿ 500 ಕಿಲೋ ಓಂನ ವಾಲ್ಯೂಮ್ ಇದೆ. ನನಗೆ ದೊರೆತುದು 100 ಕಿಲೋ ಓಂನದು. ಅದನ್ನೇ ಹಾಕಿ, ಕಂಡೆನ್ಸರನ್ನು ಮಾತ್ರ ಬದಲಿಸದೆ ಬಿಟ್ಟೆ. ದಪ್ಪ ತಂತಿ ಮೀಟಿದರೆ ಸೊಳ್ಳೆ ಗುಂಯ್‌ಗುಟ್ಟಿದಂತೆ ಕೇಳಿಸಿತು. ಪಕ್ಕದಲ್ಲಿ ಕುಳಿತಿದ್ದ ತಂದೆಯವರು "ಓದಕ್ ಕಳ್ಸುದ್ರೆ ಡಬ್ಬಿ ಬಿಚ್ಕೊಂಡು ಕುಂತಿದ್ದೀಯಲ್ಲ ಮಗ" ಎಂದರು. ನಾನು ಮರುಮಾತಾಡಲಿಲ್ಲ. ರಾತ್ರಿ ಲೆಕ್ಕ ಹಾಕಿದೆ: 500ರೊಡನೆ 0.01 ಇದ್ದರೆ 32 ಹರ್ಟ್ಸ್, 100ರೊಡನೆ 159. ತಪ್ಪು ತಿಳಿಯಿತು. 0.047 ಹಾಕಿದರೆ 34ಕ್ಕೆ ಇಳಿಯುತ್ತದೆ.

ಇನ್ನು ಜಾತಿಯ ವಿಚಾರ. ಧ್ವನಿ ಹಾದುಹೋಗುವ ದಾರಿಯಲ್ಲಿ, 1 ಮೈಕ್ರೋಫ್ಯಾರಡ್‌ನವರೆಗೆ ಪಾಲಿಯೆಸ್ಟರ್ ಫಿಲ್ಮ್ ಕಂಡೆನ್ಸರ್ ಉತ್ತಮ. ಅದರ ಬೆಲೆ ಸ್ಥಿರ, ಹಣವೂ ಹೆಚ್ಚಲ್ಲ. ಸಾಮಾನ್ಯ ಸಿರಾಮಿಕ್ ಬಿಲ್ಲೆಗಳ ಧಾರಕತೆ ಶಾಖಕ್ಕೂ ವೋಲ್ಟೇಜಿಗೂ ತಕ್ಕಂತೆ ಬದಲಾಗುತ್ತದೆ. ಕೆಲವು ಬೆರಳಿನಿಂದ ತಟ್ಟಿದರೆ ಸದ್ದನ್ನೂ ಮಾಡುತ್ತವೆ. ಅವನ್ನು ಬ್ಯಾಟರಿಯ ತಂತಿಗಳ ನಡುವೆ ಇಡುವುದು ಲೇಸು. ಪಿಕೋಫ್ಯಾರಡ್‌ಗಳ ಸಣ್ಣ ಅಳತೆ ಬೇಕಾದರೆ ಎನ್.ಪಿ.ಓ. ಎಂಬ ಸ್ಥಿರ ಸಿರಾಮಿಕ್ ಕೇಳಿ ಪಡೆಯಬೇಕು. ಹೆಚ್ಚಿನ ಅಳತೆಗೆ ಎಲೆಕ್ಟ್ರೋಲಿಟಿಕ್ ಬೇಕು. ಇದಕ್ಕೆ ಧನ, ಋಣ ಎಂಬ ಎರಡು ತುದಿಗಳುಂಟು, ತಿರುವುಮುರುವಾದರೆ ಕೆಡುತ್ತದೆ. ಎನ್.ಪಿ.ಎನ್. ಟ್ರಾನ್ಸಿಸ್ಟರಿನ ಫಜ್‌ನಲ್ಲಿ ಒಳಬಾಗಿಲ ಕಂಡೆನ್ಸರಿನ ಧನ ತುದಿ ಟ್ರಾನ್ಸಿಸ್ಟರಿನ ಕಡೆಗಿರಬೇಕು. 9 ವೋಲ್ಟಿನ ಬ್ಯಾಟರಿಗೆ 16 ಅಥವಾ 25 ವೋಲ್ಟಿನದನ್ನು ಆರಿಸಬೇಕು.

ಹಣ ಉಳಿಸಲೆಂದು ಗುಜರಿ ರೇಡಿಯೋದ ಎಲೆಕ್ಟ್ರೋಲಿಟಿಕ್ ಕಿತ್ತು ಒಳಬಾಗಿಲಿಗೆ ಹಾಕಿದ್ದೆ. ವರ್ಷ ಕಳೆದಂತೆ ಇವು ಒಣಗಿ ಸೋರುತ್ತವೆ. ನೇರ ವಿದ್ಯುತ್ತು ಸೋರಿ ಗಿಟಾರಿನ ವಾಲ್ಯೂಮ್ ತಿರುಗಿಸಿದಾಗಲೆಲ್ಲ ಕರಕರ ಸದ್ದಾಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹೊಸದು ತರಿಸಿದ ಮೇಲೆ ಅದು ನಿಂತಿತು. ಕೊಳ್ಳುವಾಗ ಗುರುತು ಓದಲು ಕಲಿಯಿರಿ: 104 ಎಂದರೆ 10ರ ಮುಂದೆ ನಾಲ್ಕು ಸೊನ್ನೆ, ಅಂದರೆ ಒಂದು ಲಕ್ಷ ಪಿಕೋಫ್ಯಾರಡ್, 0.1 ಮೈಕ್ರೋಫ್ಯಾರಡ್. 473 ಎಂದರೆ 0.047. ಕೊನೆಯ ಜೆ ಅಕ್ಷರ ನೂರಕ್ಕೆ 5, ಕೆ ನೂರಕ್ಕೆ 10 ಹೆಚ್ಚುಕಡಮೆಯ ಗುರುತು.

ದುಬಾರಿ ಕಂಡೆನ್ಸರಿನಿಂದ ನಾದ ಮಧುರವಾಗುವುದೆಂದು ಹಲವರು ನಂಬುತ್ತಾರೆ. ಒಂದೇ ಅಳತೆಯ ಪಾಲಿಯೆಸ್ಟರನ್ನೂ ಅದಕ್ಕಿಂತ ಬೆಲೆಯಾದ ಪಾಲಿಪ್ರೊಪಿಲೀನನ್ನೂ ಬದಲಿಸಿ, ಗೆಳೆಯನಿಗೆ ತೋರಿಸದೆ ಕೇಳಿಸಿದೆ. ಅವನಿಗೆ ಭೇದ ತಿಳಿಯಲಿಲ್ಲ. ಅಳತೆ ತಪ್ಪಿದಾಗಲಾದರೋ ಒಡನೆಯೇ ತಿಳಿದಿತ್ತು. ಆದುದರಿಂದ ಮೊದಲು ಸ್ಥಾನ, ಆಮೇಲೆ ಅಳತೆ, ಆಮೇಲೆ ಜಾತಿ, ಕಟ್ಟಕಡೆಗೆ ಬೆಲೆ: ಇದೇ ಆಯ್ಕೆಯ ಕ್ರಮವೆಂದು ನನ್ನ ಅನುಭವ.

ಹಬ್ಬಕ್ಕೆ ಎರಡು ದಿನ ಮುಂಚೆ 0.047 ಬೆಸೆದು ಗೆಳೆಯನಿಂದ ನುಡಿಸಿದೆ. ಬ್ಯಾರನ್ನಿಗೆ ಹೊರಟಿದ್ದ ತಂದೆಯವರು ಬಾಗಿಲಲ್ಲೇ ನಿಂತು ಕೇಳಿ, "ಈಗ ದಪ್ಪ ತಂತಿ ಮಾತಾಡ್ತು ಕಣ್ಲಾ" ಎಂದರು. ಪರೀಕ್ಷೆಯ ಅಂಕಪಟ್ಟಿಯನ್ನು ಅವರು ಓದಲಾರರು, ಇದನ್ನು ಕೇಳಬಲ್ಲರು. ಆಸಕ್ತಿಯುಳ್ಳ ಸಹಪಾಠಿಗಳು ಬಂದರೆ ಬೆಸುಗೆ ಕಡ್ಡಿಯನ್ನೂ ಲೆಕ್ಕದ ಚೀಟಿಯನ್ನೂ ಸಂತೋಷದಿಂದ ಕೊಡುವೆನು.