ಚಿಗರಿಯ ಬಾಗಿಲಲ್ಲಿ ಒಂದು ಗಳಿಗೆ

ಹುಬ್ಬಳ್ಳಿ–ಧಾರವಾಡದ ನಡುವೆ 2018ರಿಂದ ಓಡುತ್ತಿರುವ ಚಿಗರಿ ಬಸ್ಸಿನ ದೊಡ್ಡ ಗುಣವೆಂದರೆ ಅದಕ್ಕೆ ಮೆಟ್ಟಿಲು ಹತ್ತಬೇಕಿಲ್ಲ. ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟ. ಗಾಲಿಕುರ್ಚಿ ನೇರ ಒಳಗೆ ಉರುಳಬಲ್ಲದು. ಆದರೆ ಸಂಜೆ ಹೊತ್ತು ಬಾಗಿಲು ತೆರೆದೊಡನೆ ಇಳಿಯುವವರಿಗೂ ದಾರಿ ಬಿಡದೆ ಜನ ನುಗ್ಗಿದರೆ, ಆ ಸಮತಟ್ಟು ನೆಲ ಯಾರಿಗೆ ದಕ್ಕೀತು?

ಬಾಗಿಲ ಎರಡೂ ಬದಿಗೆ ಸರಿದು ನಿಂತರೆ ಅರ್ಧ ಕೆಲಸ ಆದಂತೆ.

ನೆರವಾಗುವವರು ಮೊದಲು ಕೇಳಬೇಕು. ಬಿಳಿ ಕೋಲು ಹಿಡಿದವರ ರಟ್ಟೆ ಹಿಡಿದು ಎಳೆದರೆ ಅವರಿಗೆ ದಿಕ್ಕೇ ತಪ್ಪುತ್ತದೆ. “ಅಣ್ಣಾರ, ನನ್ನ ಕೈ ಹಿಡೀತೀರೇನ್ರಿ?” ಎಂದು ಮೊಣಕೈ ನೀಡಿದರೆ ಅವರೇ ಹಿಡಿದು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ಗಾಲಿಕುರ್ಚಿಯನ್ನೂ ಹೇಳದೆ ತಳ್ಳಬಾರದು. ಅದು ಕೂತವರ ಮೈಯ ಭಾಗವೇ.

ಇನ್ನು ಮೀಸಲು ಸೀಟು. ಅಲ್ಲಿ ಕೂತ ಹುಡುಗನನ್ನು ಕಂಡು “ಗಟ್ಟಿಮುಟ್ಟಾಗಿದ್ದೀಯಲ್ಲ, ಏಳು” ಎಂದು ಗದರುವವರುಂಟು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ಶ್ರವಣದೋಷ, ಥಲಸ್ಸೇಮಿಯಾ, ಕುಡಗೋಲು ಕಣ ರೋಗಗಳೂ ಇವೆ. ನೋಡಿದರೆ ಇವು ಕಾಣುವುದಿಲ್ಲ. ಕಿವಿ ಕೇಳದವರಿಗೆ ನಿಲ್ದಾಣದ ಹೆಸರು ಕೂಗಿ ಫಲವಿಲ್ಲ. ಮೊಬೈಲಿನಲ್ಲಿ ಬರೆದು ತೋರಿಸಿದರೆ ಅವರು ನೆಮ್ಮದಿಯಾಗಿ ಇಳಿಯುತ್ತಾರೆ.