ನಂದಿನಿ: ತಗ್ಗುನಾಡಿನ ಒಂದು ಕಿರುನದಿ

ನದಿಯೆಂದೊಡನೆ ನಮ್ಮ ನೆನಪಿಗೆ ಬರುವುದು ಗಂಗೆ, ಗೋದಾವರಿ, ಕಾವೇರಿಯಂತಹ ಮಹಾನದಿಗಳು. ಭೂಗೋಳದ ಪಠ್ಯಪುಸ್ತಕಗಳೂ ಬಹುಮಟ್ಟಿಗೆ ಅವುಗಳನ್ನೇ ವರ್ಣಿಸುತ್ತವೆ. ಆದರೆ ಪ್ರಕೃತಿಯ ನಿಯಮಗಳನ್ನು ಅರಿಯಲು ಒಂದು ಕಿರುನದಿಯೂ ಸಾಕು. ದಕ್ಷಿಣ ಕನ್ನಡ ಜಿಲ್ಲೆಯ ನಂದಿನಿ ಅಂತಹದೊಂದು.

ನಂದಿನಿಯು ಹುಟ್ಟುವುದು ಪಶ್ಚಿಮಘಟ್ಟದ ಎತ್ತರದ ಶಿಖರಗಳಲ್ಲಲ್ಲ. ಘಟ್ಟಕ್ಕೂ ಕಡಲಿಗೂ ನಡುವೆ, ಮೂಡುಬಿದಿರೆಯ ಕಡೆಯ ತಗ್ಗು ಗುಡ್ಡಗಳಲ್ಲಿ. ಅಲ್ಲಿಂದ ಅದು ಪಶ್ಚಿಮಾಭಿಮುಖವಾಗಿ ಸಾಗಿ, ಕಟೀಲಿನಲ್ಲಿ ದುರ್ಗಾಪರಮೇಶ್ವರಿ ದೇವಾಲಯವನ್ನು ನಡುವಿನಲ್ಲಿಟ್ಟುಕೊಂಡು ಹರಿದು, ಪಾವಂಜೆಯನ್ನು ದಾಟಿ ಕಡಲನ್ನು ಸಮೀಪಿಸುತ್ತದೆ. ಕೆಳಭಾಗದಲ್ಲಿ ಜನರು ಇದನ್ನು ಪಾವಂಜೆ ಹೊಳೆಯೆಂದೇ ಕರೆಯುತ್ತಾರೆ.

ಈ ಪ್ರದೇಶದಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿಯೇ. ಮುರಕಲ್ಲಿನ ಗುಡ್ಡಗಳು ಮಳೆನೀರನ್ನು ಒಂದಿಷ್ಟು ಹೀರಿಕೊಂಡು, ಮಳೆ ನಿಂತ ಮೇಲೆ ಒರತೆಗಳ ಮೂಲಕ ಮೆಲ್ಲಮೆಲ್ಲನೆ ಹೊಳೆಗೆ ಒಪ್ಪಿಸುತ್ತವೆ. ಆದರೆ ನದಿಯ ಜಲಾನಯನ ಪ್ರದೇಶ ಚಿಕ್ಕದು. ಆದುದರಿಂದ ಭಾರಿ ಮಳೆಯಾದರೆ ನೆರೆ ಬೇಗನೆ ಏರುತ್ತದೆ, ಬೇಗನೆ ಇಳಿಯುತ್ತದೆ. ಏಪ್ರಿಲ್, ಮೇ ತಿಂಗಳುಗಳ ವೇಳೆಗೆ ಹರಿವು ತೀರ ಕ್ಷೀಣಿಸುತ್ತದೆ. ಆಗ ನದಿಯೊಳಕ್ಕೆ ಕಡಲು ಪ್ರವೇಶಿಸುತ್ತದೆ.

ಇದು ಹೇಗೆ? ನದಿಯ ತಳವು ಐದು ಕಿಲೋಮೀಟರಿಗೆ ಒಂದು ಮೀಟರಿನಷ್ಟು ಮಾತ್ರ ಏರುವುದೆಂದು ಭಾವಿಸೋಣ. ಆಗ ಕಡಲಿನ ಮಟ್ಟ ಒಂದು ಮೀಟರ್ ಏರಿದರೆ ಸಾಕು, ಎದುರಿಗೆ ಬಲವಾದ ಹರಿವಿಲ್ಲದಿದ್ದಲ್ಲಿ ನೀರು ಐದು ಕಿಲೋಮೀಟರ್ ಒಳಕ್ಕೆ ಬರಬಲ್ಲುದು. ಈ ಕರಾವಳಿಯಲ್ಲಿ ಸುಮಾರು ಹನ್ನೆರಡೂವರೆ ಗಂಟೆಗೊಮ್ಮೆ ಉಬ್ಬರವಾಗುತ್ತದೆ. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುವುದರಿಂದ ಅದು ಸಿಹಿನೀರಿಗಿಂತ ಭಾರ. ಅದರ ಸಾಪೇಕ್ಷ ಸಾಂದ್ರತೆ 1.025. ಆದಕಾರಣ ಉಪ್ಪುನೀರು ಬೆಣೆಯಂತೆ ತಳದಲ್ಲಿ ನುಸುಳುತ್ತದೆ, ಸಿಹಿನೀರು ಅದರ ಮೇಲೆ ತೇಲುತ್ತದೆ. ಮೇಲ್ಭಾಗದ ನೀರನ್ನಷ್ಟೇ ರುಚಿ ನೋಡಿದವರಿಗೆ ಕೆಳಗಿರುವ ಉಪ್ಪಿನ ಸುಳಿವೇ ಸಿಗದಿರಬಹುದು.

ಉಪ್ಪು ಮತ್ತು ಸಿಹಿಯ ಈ ಏರಿಳಿತಕ್ಕೆ ಹೊಂದಿಕೊಂಡ ಜೀವಿಗಳು ಮಾತ್ರವೇ ಇಲ್ಲಿ ಬಾಳಬಲ್ಲವು. ಕೆಸರು ದಂಡೆಯ ಕಾಂಡ್ಲಾ ಗಿಡಗಳಲ್ಲಿ ಕೆಲವು ಊರುಗೋಲಿನಂತಹ ಬೇರುಗಳನ್ನೂ, ಕೆಲವು ಉಸಿರಾಟಕ್ಕಾಗಿ ಕೆಸರಿನಿಂದ ಮೇಲೆದ್ದ ಬೇರುಗಳನ್ನೂ ಪಡೆದಿವೆ. ಮರಳಿನಲ್ಲಿ ಮರುವಾಯಿ ಚಿಪ್ಪುಗಳು ಹುದುಗಿರುತ್ತವೆ. ಕಾಣೆಯಂತಹ ಕಡಲಮೀನುಗಳೂ ಅಳಿವೆಯೊಳಕ್ಕೆ ಬರುತ್ತವೆ.

ಕಡಲು ಹತ್ತಿರವಾದ ಮೇಲೂ ನಂದಿನಿಯು ನೇರವಾಗಿ ಅದನ್ನು ಸೇರುವುದಿಲ್ಲ. ಅಲೆಗಳು ರಾಶಿಹಾಕಿದ ಮರಳುದಿಬ್ಬವೊಂದು ಅಡ್ಡಲಾಗಿದೆ. ಅದರ ಹಿಂದೆ, ತೀರಕ್ಕೆ ಸಮಾನಾಂತರವಾಗಿ ಉತ್ತರಕ್ಕೆ ಹರಿದು, ಮೂಲ್ಕಿಯ ಕಡೆಯಿಂದ ಬರುವ ಶಾಂಭವಿಯನ್ನು ಸಸಿಹಿತ್ಲಿನ ಬಳಿ ಕೂಡಿಕೊಂಡು, ಇವೆರಡೂ ಒಂದೇ ಅಳಿವೆಯ ಮೂಲಕ ಅರಬ್ಬೀ ಸಮುದ್ರವನ್ನು ಸೇರುತ್ತವೆ. ನದಿ ತರುವ ಮರಳು, ನೆರೆಯ ರಭಸ, ಅಲೆಗಳ ಬಲ ಈ ಮೂರರ ಸಮತೋಲನದಿಂದ ಅಳಿವೆಯ ರೂಪ ನಿರ್ಧಾರವಾಗುತ್ತದೆ. ಸಮತೋಲನ ತಪ್ಪಿದರೆ ದಂಡೆಯೇ ಕೊಚ್ಚಿಹೋಗುತ್ತದೆ. ಸಸಿಹಿತ್ಲಿನಲ್ಲಿ ಕಡಲ್ಕೊರೆತವನ್ನು ಜನರು ಕಣ್ಣಾರೆ ಕಂಡಿದ್ದಾರೆ.

ಇನ್ನು ದಂಡೆಯ ಬಾವಿಗಳನ್ನು ಗಮನಿಸೋಣ. ಮರಳುನೆಲದಡಿಯಲ್ಲಿಯೂ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಹಾಲೆಂಡಿನ ಬಾದೊನ್ ಘೈಬೆನ್ 1888ರಲ್ಲಿಯೂ, ಜರ್ಮನಿಯ ಹೆರ್ಜ್‌ಬರ್ಗ್ 1901ರಲ್ಲಿಯೂ ಇದರ ಲೆಕ್ಕವನ್ನು ಬೇರೆಬೇರೆಯಾಗಿ ವಿವರಿಸಿದರು. 40 ಮೀಟರ್ ಎತ್ತರದ ಕಡಲನೀರಿನ ಕಂಬವು 41 ಮೀಟರ್ ಸಿಹಿನೀರಿನ ಕಂಬಕ್ಕೆ ಸರಿತೂಗುತ್ತದೆ (40 × 1.025 = 41). ಅಂದರೆ ಸಮುದ್ರಮಟ್ಟದ ಮೇಲೆ ಒಂದು ಮೀಟರ್ ಸಿಹಿನೀರು ನಿಂತಿದ್ದರೆ, ಆ ಮಟ್ಟದ ಕೆಳಗೆ 40 ಮೀಟರ್ ಆಳದವರೆಗೆ ಸಿಹಿನೀರು ಇರಬಲ್ಲುದು. ಇದು ಆದರ್ಶ ಸ್ಥಿತಿಯ ಲೆಕ್ಕ. ವಾಸ್ತವದಲ್ಲಿ ನೆಲದ ರಚನೆಗೆ ತಕ್ಕಂತೆ ವ್ಯತ್ಯಾಸವಾಗುತ್ತದೆ. ಆದರೂ ಇದರ ಎಚ್ಚರಿಕೆ ಸ್ಪಷ್ಟ: ಅತಿಯಾಗಿ ನೀರೆತ್ತಿ ಅಂತರ್ಜಲವನ್ನು ಒಂದು ಮೀಟರ್ ತಗ್ಗಿಸಿದರೆ, ಕೆಳಗಿನ ಉಪ್ಪುನೀರು ಕಾಲಕ್ರಮದಲ್ಲಿ 40 ಮೀಟರ್ ಮೇಲೇರಲು ಎಡೆಯಾಗುತ್ತದೆ. ಹೊಳೆಯ ಮರಳನ್ನು ಮಿತಿಮೀರಿ ತೆಗೆದರೆ ತಳ ಆಳವಾಗಿ, ಉಪ್ಪಿನ ಬೆಣೆ ಇನ್ನಷ್ಟು ಒಳನುಗ್ಗುತ್ತದೆ.

ಕರಾವಳಿಯ ರೈತರು ಈ ತೊಡಕಿಗೆ ಹಿಂದಿನಿಂದಲೂ ಪರಿಹಾರ ಕಂಡುಕೊಂಡಿದ್ದಾರೆ. ಮಳೆಗಾಲ ಮುಗಿದ ಮೇಲೆ ತೋಡುಗಳಿಗೆ ಮಣ್ಣಿನ ಕಟ್ಟಗಳನ್ನು ಹಾಕಿ, ಸಿಹಿನೀರನ್ನು ಹಿಡಿದಿಡುವರು. ಕಿಂಡಿ ಅಣೆಕಟ್ಟು ಇದೇ ತತ್ತ್ವದ ಶಾಶ್ವತ ರೂಪ. ಮಳೆಗಾಲದಲ್ಲಿ ಹಲಗೆಗಳನ್ನು ತೆಗೆದು ನೆರೆಗೆ ದಾರಿ ಬಿಡುತ್ತಾರೆ. ಅನಂತರ ಹಲಗೆಗಳನ್ನು ಇಳಿಸಿ, ಮೇಲಿನ ಸಿಹಿನೀರನ್ನು ನಿಲ್ಲಿಸಿ ಕೆಳಗಿನ ಉಪ್ಪುನೀರನ್ನು ತಡೆಯುತ್ತಾರೆ. ನಿಂತ ನೀರು ನೆಲಕ್ಕಿಳಿದು ಬಾವಿಗಳನ್ನೂ ತುಂಬುತ್ತದೆ. ಹಲಗೆ ಇಳಿಸುವುದು ತಡವಾದರೆ ಅಷ್ಟರಮಟ್ಟಿಗೆ ಬೇಸಗೆಯ ನೀರು ನಷ್ಟ.

ಕಡಲತೀರದಲ್ಲಿ ವಾಸಿಸುವ ವಿದ್ಯಾರ್ಥಿಗಳು ತಮ್ಮ ಊರಿನ ಹೊಳೆಯಲ್ಲಿ ಇದನ್ನು ಸ್ವತಃ ಪರೀಕ್ಷಿಸಬಹುದು. ಡಿಸೆಂಬರಿನಿಂದ ಮೇ ತಿಂಗಳವರೆಗೆ, ತಿಂಗಳಿಗೊಮ್ಮೆ, ಉಬ್ಬರದ ಹೊತ್ತಿನಲ್ಲಿ ಒಂದೇ ಸ್ಥಳದಿಂದ ಒಂದು ಲೀಟರ್ ನೀರು ತಂದು, ಸೋಸಿ, ಕುದಿಸಿ ಆರಿಸಿ, ಉಳಿದ ಲವಣವನ್ನು ತೂಗಿ ಬರೆದಿಡಿರಿ. ಆರು ಅಂಕಿಗಳು ದೊರೆಯುವಷ್ಟರಲ್ಲಿ ಕಡಲು ನಿಮ್ಮ ಹೊಳೆಯೊಳಕ್ಕೆ ಹೇಗೆ ಬಂದಿತೆಂಬ ವೃತ್ತಾಂತ ನಿಮ್ಮ ಕೈಯಲ್ಲಿರುತ್ತದೆ.